ಅವಿರೋಧದ ಕಾವ್ಯ, ಚಿಕ್ಕವ್ವನ ಕರಪತ್ರ

ಹಳ್ಳಿ ಚುನಾವಣೆ ಬಂದಾಗಲೆಲ್ಲ ನಮ್ಮ ದಿನಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಬಂದೇ ಬರುತ್ತದೆ. ಇಂಥ ಊರಿನಲ್ಲಿ ಎಲ್ಲ ಸದಸ್ಯರೂ ಅವಿರೋಧ ಆಯ್ಕೆ, ಗ್ರಾಮಸ್ಥರ ಒಗ್ಗಟ್ಟು ಮಾದರಿ. ಕೆಳಗೊಂದು ಫೋಟೊ. ನಡುವೆ ಹಾರ ಹಾಕಿಕೊಂಡ ನಾಲ್ಕೈದು ಗಂಡಸರು. ಅಂಚಿನಲ್ಲಿ ಸೆರಗು ಹೊದ್ದು ನಿಂತ ಒಬ್ಬಳು ಹೆಂಗಸು. ಅವಳ ಕಣ್ಣು ಕ್ಯಾಮರಾದ ಕಡೆ ಇರುವುದಿಲ್ಲ. ಅವಳು ಮೀಸಲು ಸ್ಥಾನದವಳು. ಅವಳ ಹೆಸರನ್ನ ಸುದ್ದಿಯ ಕೊನೆ ಸಾಲಿನಲ್ಲಿ ಹುಡುಕಬೇಕು.

ವಿಮರ್ಶೆ ಅಂದರೆ ಪುಸ್ತಕದ ವಿಮರ್ಶೆ ಮಾತ್ರ ಎಂದುಕೊಂಡಿರುವ ಗೆಳೆಯರು ಕ್ಷಮಿಸಬೇಕು. ನಾನಿಲ್ಲಿ ಮುಖ್ಯವಾಗಿ ಒಂದು ಪದವನ್ನ, ಒಂದು ಕರಪತ್ರವನ್ನ ಓದಲು ಹೊರಟಿದ್ದೇನೆ. ಪುಸ್ತಕಗಳು ನಡುವೆ ಬರುತ್ತವೆ.

ಪದ ಯಾವುದೆಂದರೆ ಈ ‘ಅವಿರೋಧ’. ಕೇಳೋಕೆ ಎಷ್ಟು ತಣ್ಣಗಿದೆ! ಸರ್ಕಾರಿ ಕಡತದಲ್ಲಿ ಇದಕ್ಕಿರುವ ಅರ್ಥ ಸಣ್ಣದು. ಒಂದು ಸ್ಥಾನಕ್ಕೆ ಕಣದಲ್ಲಿ ಒಬ್ಬರೇ ಉಳಿದಿದ್ದಾರೆ, ಆದ್ದರಿಂದ ಮತದಾನ ಬೇಕಿಲ್ಲ, ಅಷ್ಟೆ. ಉಳಿದವರು ಯಾಕೆ ನಾಮಪತ್ರ ಹಾಕಲಿಲ್ಲ, ಹಾಕಿದವರು ಯಾಕೆ ವಾಪಸ್ ತಗೊಂಡರು, ವಾಪಸ್ ತಗೊಳ್ಳೋ ದಿನ ಅವರನ್ನ ಯಾರ ಬೈಕಿನಲ್ಲಿ ಕೂರಿಸಿಕೊಂಡು ಪಂಚಾಯ್ತಿ ಆಫೀಸಿಗೆ ಕರೆದೊಯ್ದರು, ಇದ್ಯಾವುದೂ ಕಡತದಲ್ಲಿಲ್ಲ. ಆದರೆ ಪತ್ರಿಕೆಯ ಬಾಯಿಗೆ, ಊರ ಗೌಡರ ಬಾಯಿಗೆ ಬಂದ ಕೂಡಲೇ ಆ ಸಣ್ಣ ಅರ್ಥ ಉಬ್ಬುತ್ತದೆ. ಅವಿರೋಧ ಅಂದರೆ ಒಗ್ಗಟ್ಟು, ಸಾಮರಸ್ಯ, ಹಿರಿಯರ ಮಾತಿಗೆ ಬೆಲೆ, ಗಾಂಧೀಜಿ ಕಂಡ ಗ್ರಾಮ. ಒಂದು ಬಾಯಿ ಮುಚ್ಚಿಸಿದ ಕೆಲಸ ಹೀಗೆ ಕಾವ್ಯವಾಗುತ್ತದೆ. ಬಾಯಿ ಯಾರದು ಅಂತ ಈ ಕಾವ್ಯ ಕೇಳುವುದಿಲ್ಲ.

2020ರ ಡಿಸೆಂಬರ್‌ನಲ್ಲಿ ಕರ್ನಾಟಕದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿಗಳಿಗೆ ಎರಡು ಹಂತದಲ್ಲಿ ಚುನಾವಣೆ ನಡೆಯಿತು. ಆಗ ಸದಸ್ಯ ಸ್ಥಾನಗಳನ್ನ ಹರಾಜು ಕೂಗಿದ ಸುದ್ದಿಗಳು ಬಳ್ಳಾರಿ, ಕಲಬುರಗಿ ಕಡೆಯಿಂದ ಬಂದವು. ಹೆಚ್ಚು ಕೂಗಿದವನಿಗೆ ಸ್ಥಾನ, ದುಡ್ಡು ದೇವಸ್ಥಾನಕ್ಕೆ. ಉಳಿದ ಯಾರೂ ನಾಮಪತ್ರ ಹಾಕುವಂತಿಲ್ಲ. ಹರಾಜು ಅಪರಾಧ ಅಂತ ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಹರಾಜಿನಲ್ಲಿ ಬಂದ ಸದಸ್ಯನೂ ಕಡತದ ಪ್ರಕಾರ ಅವಿರೋಧವೇ. ಗುಜರಾತಿನಲ್ಲಂತೂ 2001ರಿಂದ ಇದು ಸರ್ಕಾರದ ಯೋಜನೆಯೇ ಆಗಿದೆ. ಚುನಾವಣೆ ಇಲ್ಲದೆ ಪಂಚಾಯ್ತಿ ಮಾಡಿಕೊಂಡ ಊರಿಗೆ ಬಹುಮಾನದ ದುಡ್ಡು, ಯೋಜನೆಯ ಹೆಸರು ‘ಸಮರಸ’. ನೋಡಿ, ಭಾಷೆ ಯಾವ ರಾಜ್ಯದ್ದಾದರೂ ಬಾಯಿ ಮುಚ್ಚಿಸುವುದಕ್ಕೆ ಸಿಗುವ ಪದ ಮಾತ್ರ ಇಂಥ ಸಿಹಿ ಸಂಸ್ಕೃತವೇ.

ಅವಿರೋಧದ ಈ ಕಾವ್ಯಕ್ಕೆ ಭಂಗ ಬಂದರೆ ಏನಾಗುತ್ತದೆ ಅಂತ ತಿಳಿಯೋಕೆ ಪಕ್ಕದ ತಮಿಳುನಾಡಿಗೆ ಹೋಗಬೇಕು. ಮಧುರೈ ಜಿಲ್ಲೆಯ ಮೇಲವಳವು. 1996ರಲ್ಲಿ ಅಲ್ಲಿಯ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಬೆದರಿಕೆಗೆ ನಾಮಪತ್ರಗಳು ವಾಪಸಾದವು, ಚುನಾವಣೆ ಮುಂದಕ್ಕೆ ಹೋಯಿತು. ಕೊನೆಗೂ ನಿಂತು ಗೆದ್ದ ಮುರುಗೇಶನ್ ಅವರನ್ನ, ಅವರ ಜೊತೆಗಿದ್ದ ಐವರನ್ನ 1997ರ ಜೂನ್ 30ರಂದು ಕಡಿದು ಕೊಂದರು. ಅದೇ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರ್‌ಮಂಗಲಂಗಳಲ್ಲಿ 1996ರಿಂದ 2006ರವರೆಗೆ, ಹತ್ತು ವರ್ಷ, ಮೀಸಲಾದ ಅಧ್ಯಕ್ಷ ಸ್ಥಾನ ನಿಲ್ಲಲೇ ಇಲ್ಲ. ನಿಲ್ಲಲು ಯಾರನ್ನೂ ಬಿಡುತ್ತಿರಲಿಲ್ಲ. ಇಲ್ಲವೇ ತಮ್ಮ ಆಳೊಬ್ಬನನ್ನ ನಿಲ್ಲಿಸಿ, ಗೆಲ್ಲಿಸಿ, ಕೂಡಲೇ ರಾಜೀನಾಮೆ ಬರೆಸುತ್ತಿದ್ದರು. 2006ರ ಅಕ್ಟೋಬರ್‌ನಲ್ಲಿ ಅಲ್ಲಿ ಸರಿಯಾದ ಚುನಾವಣೆ ನಡೆಯಿತು.

ಇದನ್ನ ಮೊದಲೇ ಕಂಡವರು ಬಾಬಾಸಾಹೇಬರು. ಪೂನಾ ಒಪ್ಪಂದಕ್ಕೆ ಸಹಿ ಬಿದ್ದದ್ದು 1932ರ ಸೆಪ್ಟೆಂಬರ್ 24. ಎರಡು ವಾರ ಕಳೆಯೋದರೊಳಗೆ, ಅಕ್ಟೋಬರ್ 6ರಂದು, ಮುಂಬಯಿ ಶಾಸನ ಪರಿಷತ್ತಿನಲ್ಲಿ ಗ್ರಾಮ ಪಂಚಾಯ್ತಿ ಮಸೂದೆಯ ಮೇಲೆ ಮಾತಾಡುತ್ತ ಅವರು ಹೇಳಿದ್ದು ಇದನ್ನೇ. ವಯಸ್ಸಿಗೆ ಬಂದ ಎಲ್ಲರಿಗೂ ಓಟು ಕೊಟ್ಟರೆ ಸಾಲದು, ಪ್ರತಿ ಊರಿನಲ್ಲೂ ಅಲ್ಪಸಂಖ್ಯಾತರಾಗಿ ಚದುರಿರುವ ಅಸ್ಪೃಶ್ಯರಿಗೆ ಪ್ರತ್ಯೇಕ ಪ್ರಾತಿನಿಧ್ಯ ಬೇಕು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನ ಅವರು ಕಟುವಾಗಿ ಬೈದದ್ದನ್ನ ಎಲ್ಲರೂ ನೆನೆಯುತ್ತಾರೆ. 1932ರ ಲೆಕ್ಕವನ್ನ ಯಾರೂ ನೆನೆಯುವುದಿಲ್ಲ. ಬೈಗುಳಕ್ಕಿಂತ ಲೆಕ್ಕ ನಮಗೆ ಹೆಚ್ಚು ಬೇಕಾದದ್ದು.

ಲೆಕ್ಕ ಅಂದೆ. ನಮ್ಮೂರಿನದನ್ನೇ ಹೇಳುತ್ತೇನೆ. ನಮ್ಮ ವಾರ್ಡಿಗೆ ಎರಡು ಸ್ಥಾನ. ಒಂದು ಸಾಮಾನ್ಯ, ಇನ್ನೊಂದು ಪರಿಶಿಷ್ಟ ಜಾತಿ ಮಹಿಳೆ. ವಾರ್ಡಿನ ಓಟು 700 ಚಿಲ್ಲರೆ, ನಮ್ಮ ಕೇರಿಯದು 110. ಮೀಸಲು ಸ್ಥಾನಕ್ಕೆ ನಿಲ್ಲುವವಳು ಕೇರಿಯವಳೇ ಆಗಬೇಕು, ಆದರೆ ಓಟು ಹಾಕುವುದು ವಾರ್ಡಿನ ಎಲ್ಲರೂ. ಅಂದಮೇಲೆ ಕೇರಿಯಿಂದ ಯಾರು ಬರಬೇಕು ಅಂತ ತೀರ್ಮಾನ ಮಾಡುವ ಶಕ್ತಿ ಊರೊಳಗೇ ಉಳಿಯಿತು. 1987ರ ಮಂಡಲ ಪಂಚಾಯ್ತಿ ಕಾಲಕ್ಕೆ ಹೆಂಗಸರಿಗೆ ನಾಲ್ಕರಲ್ಲೊಂದು ಪಾಲು ಬಂತು, 1993ರ ಕಾಯ್ದೆಯಲ್ಲಿ ಮೂರರಲ್ಲೊಂದು ಆಯಿತು, 2010ರಲ್ಲಿ ಅರ್ಧ ಆಯಿತು. ಪಾಲು ದೊಡ್ಡದಾದಷ್ಟೂ ಊರಿನ ಹಿರಿಯರು ಆರಿಸುವ ಕೆಲಸವನ್ನ ಚುನಾವಣೆಗೆ ಮುಂಚೆಯೇ ಮುಗಿಸಿಡುವುದನ್ನ ಕಲಿತರು.

2020ರಲ್ಲಿ ನಮ್ಮೂರಲ್ಲೂ ಮುಗಿಸಿದ್ದರು. ಮಾರಿಗುಡಿ ಮುಂದೆ ಸೇರಿ, ಒಬ್ಬರ ಹೊಲದಲ್ಲಿ ತಲೆಮಾರಿನಿಂದ ದುಡಿಯುತ್ತಿರುವ ಮನೆಯ ಸೊಸೆಯನ್ನ ಗೊತ್ತು ಮಾಡಿದರು. ಕೇರಿಯ ಯಜಮಾನರೂ ತಲೆ ಆಡಿಸಿ ಬಂದರು. ಇದನ್ನ ಮುಚ್ಚಿಟ್ಟು ಬರೆದರೆ ಈ ಲೇಖನಕ್ಕೆ ಬೆಲೆಯಿಲ್ಲ. ಅಂಥಾದ್ದರಲ್ಲಿ ನಮ್ಮ ಚಿಕ್ಕವ್ವ, ಅಂದರೆ ನಮ್ಮಪ್ಪನ ತಮ್ಮನ ಹೆಂಡತಿ, ಕೂಲಿಯವಳು, ನಾಲ್ಕನೇ ಕ್ಲಾಸು, ‘ನಾನೂ ನಿಂತ್ಕತೀನಿ’ ಅಂದಳು. ಯಾಕೆ ಅಂತ ಕೇಳಿದ್ದಕ್ಕೆ ಸಿದ್ಧಾಂತ ಏನೂ ಹೇಳಲಿಲ್ಲ. ‘ಕೆರೆ ಹೂಳೆತ್ತೋ ಕೆಲ್ಸ ಜೇಸಿಬಿ ಮಾಡ್ತು. ಕೂಲಿ ಬಿದ್ದಿದ್ದು ನಮ್ ಹೆಸ್ರಲ್ಲಿ. ದುಡ್ಡು ಎತ್ತಿದ್ದು ಇನ್ಯಾರೋ. ಆ ಪಟ್ಟಿ ನಾನು ನೋಡ್ಬೇಕು’ ಅಂದಳು. ಅಷ್ಟೆ. ಪಟ್ಟಿ ನೋಡುವ ಆಸೆ.

ನಾಮಪತ್ರಕ್ಕೆ ಸೂಚಕರು ಬೇಕು, ಅದೇ ವಾರ್ಡಿನ ಮತದಾರರಾಗಿರಬೇಕು. ಒಂದು ಸಹಿಗೆ ಕೇರಿಯ ಎಷ್ಟು ಬಾಗಿಲು ತಟ್ಟಿದೆವು ಅನ್ನೋದನ್ನ ಬರೆಯಲು ನಾಚಿಕೆಯಾಗುತ್ತದೆ. ಹಾಕಿದ ಮೇಲೆ ಒಬ್ಬೊಬ್ಬರೇ ಮನೆಗೆ ಬಂದರು. ಗದರಿದವರು ಕಡಿಮೆ. ಹೆಚ್ಚಿನವರು ಬಂದದ್ದು ಅಕ್ಕರೆಯಿಂದ. ‘ಊರು ಒಂದಾಗಿರ್ಲಿ ಕಣವ್ವ, ನಿಂಗ್ಯಾಕ್ ಊರ್ ಮೇಲೆ ಹಗೆ?’ ಗಮನಿಸಬೇಕು. ಇನ್ನೊಬ್ಬ ಹೆಂಗಸಿನ ಎದುರು ಅವಳು ಸ್ಪರ್ಧೆಗೆ ನಿಂತಿದ್ದಳು. ಅದು ಊರಿನ ಮೇಲಿನ ಹಗೆ ಆಯಿತು. ಗೌಡರ ಮಕ್ಕಳಿಬ್ಬರು ಸಾಮಾನ್ಯ ಸ್ಥಾನಕ್ಕೆ ಜಿದ್ದಿಗೆ ಬಿದ್ದು ಹೋಟ್ಲು ಮುಂದೆ ಹೊಡೆದಾಡಿಕೊಂಡರು, ಅದನ್ನ ಮಾತ್ರ ‘ಎಲೆಕ್ಷನ್’ ಅಂದರು.

ಈಗ ಪುಸ್ತಕಗಳಿಗೆ ಬರುತ್ತೇನೆ. ಆ ಡಿಸೆಂಬರ್‌ನಲ್ಲಿ ನಾನು ಕನ್ನಡದಲ್ಲಿ ಚಿಕ್ಕವ್ವನಂಥವಳನ್ನ ಹುಡುಕಿದೆ. ಓಟು ಕೇಳಿಕೊಂಡು ಮೇಲಿನ ಬೀದಿಗೆ ಹೋಗುವ ಹೊಲೇರ ಹೆಂಗಸು. ನಾನು ಓದಿದ್ದರಲ್ಲಿ ಸಿಗಲಿಲ್ಲ. ಕಾರಂತರ ‘ಚೋಮನ ದುಡಿ’ (1933) ಇದೆ. ಚೋಮ ಬೇಸಾಯಕ್ಕೆ ಭೂಮಿ ಕೇಳುತ್ತಾನೆ. ಒಡೆಯನ ಮನಸ್ಸು ಕೊಂಚ ಕರಗಿದರೂ ಒಡೆಯನ ತಾಯಿ ಬೇಡವೆನ್ನುತ್ತಾಳೆ, ಚೋಮ ದುಡಿ ಬಾರಿಸುತ್ತಾ ಸಾಯುತ್ತಾನೆ. ಅವನದು ಬೇಡಿಕೆ, ಕೊಡುವ ಬಿಡುವ ಹಕ್ಕು ಒಡೆಯನದು. ಅನಂತಮೂರ್ತಿಯವರ ‘ಭಾರತೀಪುರ’ (1973) ಇದೆ. ಇಂಗ್ಲೆಂಡಿನಿಂದ ಬಂದ ಜಮೀನ್ದಾರ ಜಗನ್ನಾಥ ಹೊಲೆಯರನ್ನ ದೇವಸ್ಥಾನಕ್ಕೆ ಹೊಗಿಸಬೇಕೆಂದು ಹೊರಡುತ್ತಾನೆ. ಸಂಕಟ ಅವನದು, ಚಿಂತನೆ ಅವನದು, ಸೋಲೂ ಅವನದೇ. ಹೊಲೆಯರು ಅವನ ಆತ್ಮಶೋಧನೆಗೆ ಸಲಕರಣೆ. ಅವರೇ ಬರೆದ ‘ಅವಸ್ಥೆ’ (1978) ಚುನಾವಣಾ ರಾಜಕಾರಣವನ್ನ ಒಳಗಿಂದ ನೋಡಿದ ಕಾದಂಬರಿ, ಅಲ್ಲಿ ಹಾಸಿಗೆ ಹಿಡಿದು ಮಲಗಿರುವವನು ಕೃಷ್ಣಪ್ಪಗೌಡ. ಭೈರಪ್ಪನವರ ‘ಮತದಾನ’ (1965) ಹೆಸರಿನಲ್ಲೇ ಮತದಾನ ಇಟ್ಟುಕೊಂಡಿದೆ. ಅಲ್ಲಿ ಚುನಾವಣೆಗೆ ಇಳಿಯುವವನು ಊರು ಮೆಚ್ಚಿದ ಒಬ್ಬ ಡಾಕ್ಟರು. ನಿಲ್ಲುವವನು ಯಾವಾಗಲೂ ನಿಲ್ಲಲು ಜಾಗ ಇರುವವನೇ.

ಇದನ್ನ ನವ್ಯರ ಮೇಲೆ, ಮೇಲ್ಜಾತಿ ಲೇಖಕರ ಮೇಲೆ ಹೊರಿಸಿ ಕೈ ತೊಳೆದುಕೊಳ್ಳೋದು ಸುಲಭ. ನಮ್ಮ ಕಡೆ ನೋಡೋಣ. ನಮ್ಮ ಬಂಡಾಯ ಕಾವ್ಯದಲ್ಲಿ ದಲಿತ ಎಲ್ಲೆಲ್ಲಿದ್ದಾನೆ? ಹೆಣವಾಗಿ ಇದ್ದಾನೆ, ಕಿಚ್ಚಾಗಿ ಇದ್ದಾನೆ, ಮೆರವಣಿಗೆಯಾಗಿ ಇದ್ದಾನೆ. ಅಭ್ಯರ್ಥಿಯಾಗಿ ಇಲ್ಲ. ದೇವನೂರರ ‘ಒಡಲಾಳ’ದ ಸಾಕವ್ವ ಒಬ್ಬಳು ನನಗೆ ಹತ್ತಿರ ಬಂದಳು. ಆ ವಾದ, ಆ ಜಗಳಗಂಟಿತನ, ಕಳೆದುಹೋದ ಒಂದು ಹುಂಜಕ್ಕಾಗಿ ಊರೆಲ್ಲ ಕೇಳುವ ಹಟ, ಪಂಚಾಯ್ತಿ ಮೀಟಿಂಗಿಗೆ ಸರಿಯಾಗಿ ಬೇಕಾದ ಗುಣಗಳು. ಅವಳನ್ನ ಯಾರೂ ನಿಲ್ಲಿಸಲಿಲ್ಲ ಅಂತ ನನಗೆ ಈಗ ಹೊಟ್ಟೆ ಉರಿಯುತ್ತದೆ.

ಚುನಾವಣೆಗೆ ಇಳಿಯಬೇಕೋ ಬೇಡವೋ ಎಂಬ ಜಗಳ ನಮ್ಮ ಚಳವಳಿಯನ್ನ ಒಡೆದದ್ದು ಎಲ್ಲರಿಗೂ ಗೊತ್ತು. ಅದರ ಗಾಯ ಕಾವ್ಯದಲ್ಲೂ ಉಳಿಯಿತೇನೋ. ಓಟು ಅಂದರೆ ಹೊಲಸು, ರಾಜಿ, ರಬ್ಬರ್ ಸ್ಟಾಂಪು, ಗಂಡ ಕುರ್ಚಿಯಲ್ಲಿ ಕೂರೋದು, ಹೆಂಡತಿ ಸಹಿ ಹಾಕೋದು. ಇದೆಲ್ಲ ಇದೆ, ಕಂಡಿದ್ದೇನೆ. ಆದರೆ ಗೆಳೆಯರೇ, 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಹೇಳಿ, ಅದಕ್ಕಾಗಿ ಮಂತ್ರಿಗಿರಿ ಕಳೆದುಕೊಂಡ ಬಸವಲಿಂಗಪ್ಪನವರು ಕವಿಯಲ್ಲ, ವಿಮರ್ಶಕರೂ ಅಲ್ಲ. ಜನರ ಹತ್ತಿರ ಹೋಗಿ ಓಟು ಕೇಳಿ ಗೆದ್ದು ಬಂದ ಮನುಷ್ಯ. ನಮ್ಮೆಲ್ಲರ ಬಾಯಿ ತೆರೆಸಿದ ಆ ಒಂದು ಮಾತು ಹೊರಟದ್ದು ಚುನಾಯಿತನ ಬಾಯಿಂದ.

ಇನ್ನು ಕರಪತ್ರ. ಮನೆಗೊಬ್ಬ ಬಿ.ಎ. ಓದಿದ ಕವಿ ಇದ್ದಾನಲ್ಲ, ಬರೆಯೋ ಕೆಲಸ ನನಗೇ ಬಂತು. ಒಂದು ರಾತ್ರಿ ಕೂತು ಬರೆದೆ. ಶೋಷಿತರ ಧೀಮಂತ ದನಿ, ಸಮಾನತೆಯ ಹರಿಕಾರ್ತಿ, ಶತಮಾನಗಳ ಮೌನ ಮುರಿದು. ಬೆಳಿಗ್ಗೆ ಚಿಕ್ಕವ್ವನಿಗೆ ಓದಿ ಹೇಳಿದೆ. ಪಾತ್ರೆ ಬೆಳಗುತ್ತಾ ಪೂರ್ತಿ ಕೇಳಿದಳು. ‘ಚೆನ್ನಾಗದೆ ಕಣ್ ಮಗ. ಯಾರ್ ಬಗ್ಗೆ ಇದು?’ ಅಂದಳು. ಗೇಲಿ ಮಾಡಲಿಲ್ಲ. ನಿಜವಾಗಿಯೂ ಅವಳಿಗೆ ಗೊತ್ತಾಗಿರಲಿಲ್ಲ.

ಆಮೇಲೆ ಅವಳು ಹೇಳಿದಳು, ನಾನು ಬರೆದುಕೊಂಡೆ. ತಾಲ್ಲೂಕಿನ ಪ್ರೆಸ್ಸಿನಲ್ಲಿ ಹಳದಿ ಕಾಗದದ ಮೇಲೆ ಅಚ್ಚಾಯಿತು. ಮೊದಲ ಸಾಲು ಅವಳ ಹೆಸರಲ್ಲ, ಅವಳ ಅತ್ತೆಯ ಹೆಸರು, ಇಂಥವಳ ಸೊಸೆ ಅಂತ. ಯಾಕೆಂದರೆ ಊರಿಗೆ ಗೊತ್ತಿದ್ದದ್ದು ಆ ಸೂಲಗಿತ್ತಿ ಅತ್ತೆ. ಆಮೇಲೆ ಹೀಗಿತ್ತು: ‘ನಿಮ್ಮ ಗದ್ದೇಲಿ ನಾಟಿ ಹಾಕಿವ್ನಿ. ನಿಮ್ಮ ರಾಗಿ ಕುಯ್ದಿವ್ನಿ. ಯಾವತ್ತೂ ಸಾಲು ತಪ್ಪಿಸಿಲ್ಲ. ಈ ಸಲ ನೀವು ನಂಗೆ ಒಂದ್ ಸೀಲು ಒತ್ತಿ. ಗೆದ್ದರೆ ಕೂಲಿ ಪಟ್ಟಿ ಗುಡಿ ಮುಂದೆ ಓದಿಸ್ತೀನಿ. ಎಲ್ಲಾರ ಹೆಸ್ರೂ.’ ಕೆಳಗೆ ಅವಳ ಗುರುತು, ಹೊಲಿಗೆ ಮೆಷಿನ್ನು.

ವಿಮರ್ಶಕನಾಗಿ ಈ ಆರೇಳು ಸಾಲಿನ ಮುಂದೆ ಕೂತಾಗ ನನಗೆ ಕಂಡದ್ದನ್ನ ಹೇಳುತ್ತೇನೆ. ನಮ್ಮ ಭಾಷೆಯಲ್ಲಿ ಓಟು ಕೇಳುವುದಕ್ಕೆ ಗ್ರಂಥದ ಪದ ಮತಯಾಚನೆ. ಯಾಚನೆ ಅಂದರೆ ಬೇಡುವುದು. ಗೌಡರ ಮಗ ಯಾಚನೆ ಮಾಡಿದರೆ ಅದು ವಿನಯ, ಫೋಟೊಗೆ ಚೆನ್ನಾಗಿರುತ್ತದೆ. ನಮ್ಮಜ್ಜಿ ಹಬ್ಬದ ಮಾರನೇ ದಿನ ಕುಕ್ಕೆ ಹಿಡಿದು ಅದೇ ಬೀದಿಯಲ್ಲಿ ಅನ್ನ ಎತ್ತಲು ಹೋಗುತ್ತಿದ್ದಳು. ಅವಳು ನಿಲ್ಲುತ್ತಿದ್ದ ಜಗಲಿ ಕೆಳಗೇ ಚಿಕ್ಕವ್ವ ಈಗ ಕರಪತ್ರ ಹಿಡಿದು ನಿಂತಳು. ಅದೇ ಜಾಗ, ಅದೇ ಮುಗಿದ ಕೈ. ಯಾಚನೆ ಎಂಬ ಪದ ಅವಳ ಬಾಯಿಗೆ ಬಂದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಅವಳು ಬೇಡಲಿಲ್ಲ, ಲೆಕ್ಕ ಹೇಳಿದಳು. ನಾನು ನಿಮ್ಮ ಗದ್ದೆಗೆ ಕೈ ಹಾಕಿದ್ದೇನೆ, ನೀವು ನನ್ನ ಕಾಗದದ ಮೇಲೆ ಒಂದು ಗುರುತು ಹಾಕಿ. ಕೊಡುವುದು, ತಗೊಳ್ಳುವುದು. ‘ಸಾಲು ತಪ್ಪಿಸಿಲ್ಲ’ ಅಂದದ್ದರಲ್ಲಿ ಕೆಲಸಗಾರಳ ಜಂಬ ಇದೆ. ನಾನು ಬರೆದ ಪದ್ಯಗಳಲ್ಲಿ ನಮ್ಮವರ ಬೆವರು ಇದೆ, ರಕ್ತ ಇದೆ, ಈ ಜಂಬ ಇಲ್ಲ. ಕೆಲಸ ಅಲ್ಲಿ ಬರೀ ಶೋಷಣೆ. ನಾಟಿಯಲ್ಲಿ ಸಾಲು ನೆಟ್ಟಗೆ ಬರೋದಕ್ಕೆ ಒಂದು ಕೈಗುಣ ಬೇಕು ಅನ್ನೋದು ನನಗೆ ತಿಳಿದೇ ಇರಲಿಲ್ಲ, ಓದಲು ಹಾಸ್ಟೆಲಿಗೆ ಹೋದವನು ನಾನು.

‘ಎಲ್ಲಾರ ಹೆಸ್ರೂ’ ಅನ್ನೋ ಕೊನೆಯ ಮಾತು ಇನ್ನೂ ಚೂಪು. ಅದು ಬೆದರಿಕೆಯೂ ಹೌದು, ಆಶ್ವಾಸನೆಯೂ ಹೌದು. ಮೇಲಿನ ಬೀದಿಯ ಬಡ ಹೆಂಗಸರ ಹೆಸರೂ ಆ ಕೂಲಿ ಪಟ್ಟಿಯಲ್ಲಿ ಇತ್ತಲ್ಲ.

ಮನೆ ಮನೆಗೆ ಹೋದೆವು. ಒಳಕ್ಕೆ ಬಾ ಅಂತ ಯಾರೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಒಂದು ಮನೇಲಿ ಮುದುಕಿಯೊಬ್ಬಳು ಕರಪತ್ರವನ್ನ ಜಗಲಿ ಮೇಲೆ ಇಡು ಅಂದಳು, ಆಮೇಲೆ ಕೈಗೆತ್ತಿಕೊಂಡಳು. ನಾನು ಏನೋ ಅನ್ನಲು ಹೊರಟೆ. ಚಿಕ್ಕವ್ವ ನನ್ನ ಷರ್ಟು ಎಳೆದಳು.

ಇಲ್ಲೇ ಒಂದು ಸಂಗತಿ ಹೇಳಬೇಕು, ಮನಸ್ಸಿಗೆ ಇನ್ನೂ ಚುಚ್ಚುತ್ತದೆ. ನಮ್ಮೂರಿನ ಒಂದು ಟೀ ಅಂಗಡಿಯಲ್ಲಿ ನಮಗೆ ಬೇರೆ ಲೋಟ. ಗಾಜಿನದು ಊರವರಿಗೆ, ಪ್ಲಾಸ್ಟಿಕ್ಕಿನದು ನಮಗೆ. ನಾವು ನಾಲ್ಕೈದು ಹುಡುಗರು ಆ ತಿಂಗಳೇ ಅದರ ಮೇಲೆ ದೂರು ಕೊಡೋದು ಅಂತ ಮಾತಾಡಿಕೊಂಡಿದ್ದೆವು. ಚಿಕ್ಕವ್ವ, ‘ಎಲೆಕ್ಷನ್ ಮುಗೀಲಿ ಕಣ್ಲಾ, ಈಗ್ಲೇ ಬ್ಯಾಡ’ ಅಂದಳು. ನಿಲ್ಲಿಸಿದೆವು. ಓಟಿಗಾಗಿ ಅವಮಾನವನ್ನ ಎರಡು ವಾರ ನುಂಗಿದೆವು. ಇದು ರಾಜಿಯಲ್ಲದೆ ಮತ್ತೇನು ಎಂದು ಗೆಳೆಯನೊಬ್ಬ ಮುಖಕ್ಕೆ ಹೊಡೆದ ಹಾಗೆ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಪದ್ಯ ಬರೆಯುವವನು ಒಂದೇ ಏಟಿಗೆ ಇಡೀ ಊರಿಗೆ ಬೆಂಕಿ ಹಚ್ಚಬಹುದು, ಹಾಳೆಯ ಮೇಲೆ. ಅಭ್ಯರ್ಥಿ ಅದೇ ಊರಿನ ಮನೆಗಳನ್ನ ಒಂದೊಂದಾಗಿ ಎಣಿಸಬೇಕು. ಈ ಮನೆ ಆಗುತ್ತೆ, ಈ ಮನೆ ಆಗಲ್ಲ, ಈ ಮನೇಲಿ ಗಂಡ ಆಗಲ್ಲ ಹೆಂಡತಿ ಆಗ್ತಾಳೆ. ಎಣಿಸುವಾಗ ಏನನ್ನ ನುಂಗಬೇಕು, ಯಾವುದನ್ನ ನುಂಗಬಾರದು ಎಂಬುದು ನಮ್ಮ ಕಾವ್ಯ ಇನ್ನೂ ಎದುರಿಸದ ಪ್ರಶ್ನೆ. ವಿಮರ್ಶೆಯೂ ಎದುರಿಸಿಲ್ಲ. ರೋಷದ ತೂಕ ಹಾಕಲು ನಮಗೆ ತಕ್ಕಡಿ ಇದೆ. ಇದಕ್ಕಿಲ್ಲ.

ಡಿಸೆಂಬರ್ 30ರಂದು ಎಣಿಕೆ. ಬಿದ್ದದ್ದು 214 ಓಟು. ಸೋತಳು. ಗೆದ್ದವಳ ಗಂಡನ ಒಡೆಯರು ಪಟಾಕಿ ಹೊಡೆದರು. ನಾನು ಮಾತ್ರ ಆ 214ರ ಮುಂದೆ ಕೂತುಬಿಟ್ಟೆ. ಕೇರಿಯ 110 ಓಟೂ ಒಂದು ಬಿಡದೆ ಅವಳಿಗೇ ಬಿದ್ದಿವೆ ಅಂತಿಟ್ಟುಕೊಂಡರೂ (ಬಿದ್ದಿಲ್ಲ, ಅರ್ಧ ಯಜಮಾನರ ಕೈಲಿತ್ತು) ಇನ್ನು 104 ಎಲ್ಲಿಂದ ಬಂದವು? ಊರೊಳಗಿಂದ. ಜಗಲಿ ಮೇಲೆ ಇಡು ಅಂದವರ ಮನೆಗಳಿಂದ. ಚಿಕ್ಕವ್ವನನ್ನ ಕೇಳಿದೆ. ‘ನಾಟಿ ಜೊತೆಗಾತೀರು’ ಅಂದಳು. ಜೊತೆಯಲ್ಲಿ ಬಗ್ಗಿ ಪೈರು ನೆಟ್ಟವರು, ಅದೇ ಕೂಲಿ ಪಟ್ಟಿಯಲ್ಲಿ ಮೋಸ ಹೋದವರು. ಎದುರಿಗೆ ಒಂದು ಮಾತಾಡದೆ, ಪರದೆಯ ಹಿಂದೆ ಹೋಗಿ ಹೊಲಿಗೆ ಮೆಷಿನ್ ಮೇಲೆ ಸೀಲು ಒತ್ತಿ ಬಂದಿದ್ದರು. ಅವಿರೋಧ ಆಗಿದ್ದರೆ ಈ 104 ಜನ ಇದ್ದಾರೆ ಅನ್ನೋದು ನಮಗೂ ಗೊತ್ತಾಗುತ್ತಿರಲಿಲ್ಲ, ಅವರಿಗೂ ಗೊತ್ತಾಗುತ್ತಿರಲಿಲ್ಲ. ಅವಿರೋಧ ಮುಚ್ಚಿಡುವುದು ಕೇರಿಯ ವಿರೋಧವನ್ನ ಮಾತ್ರ ಅಂದುಕೊಂಡಿದ್ದೆ.

ನನ್ನ ಪದ್ಯಗಳಲ್ಲಿ ‘ಅವರು’ ಅಂತ ಒಂದು ಪದ ಇದೆ, ಕಲ್ಲಿನ ಗೋಡೆಯ ಹಾಗೆ. ಆ 104 ಜನಕ್ಕೆ ಅಲ್ಲಿ ಜಾಗ ಇಲ್ಲ. ಹಾಗಂತ ಗೋಡೆ ಇಲ್ಲವೇ ಇಲ್ಲ ಅಂತ ಬರೆಯಲು ನಾನು ಹುಚ್ಚನಲ್ಲ. ಚುನಾವಣೆ ಮುಗಿದ ವಾರಕ್ಕೇ ಲೋಟದ ದೂರು ಕೊಟ್ಟೆವು. ಅಂಗಡಿಯವನು ಗಾಜಿನ ಲೋಟವನ್ನೇ ತೆಗೆದು ಎಲ್ಲರಿಗೂ ಪೇಪರ್ ಕಪ್ಪು ಮಾಡಿದ. ಚಿಕ್ಕವ್ವನಿಗೆ ಮೂರು ತಿಂಗಳು ದೊಡ್ಡ ಹಿಡುವಳಿದಾರರು ಯಾರೂ ಕೂಲಿಗೆ ಕರೆಯಲಿಲ್ಲ. ಜೊತೆಗಾತಿಯರು ಮುಯ್ಯಾಳಿನ ಲೆಕ್ಕದಲ್ಲಿ ತಮ್ಮ ಚೂರುಪಾರು ಹೊಲಗಳಿಗೆ ಕರೆದುಕೊಂಡರು. ಕೂಲಿ ಪಟ್ಟಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದಳು, ಸದಸ್ಯೆ ಆಗದೆಯೇ. ಅರ್ಜಿ ಬರೆದವನು ನಾನು. ಈ ಸಲ ಅವಳು ಹೇಳಿದ ಹಾಗೆಯೇ ಬರೆದೆ.

ಈ ಪತ್ರಿಕೆ ಓದುವವರಲ್ಲಿ ಹಳ್ಳಿ ಶಾಲೆಯ ಮೇಷ್ಟ್ರುಗಳು ಬಹಳ ಜನ ಇದ್ದೀರಿ. ಚುನಾವಣಾ ಡ್ಯೂಟಿಗೆ ಹೋಗುವವರೂ ನೀವೇ. ನಿಮ್ಮ ಕಡೆ ಮೀಸಲು ಸ್ಥಾನಕ್ಕೆ ಊರಿನ ಮಾತು ಮೀರಿ ನಿಂತವರ ಕರಪತ್ರಗಳು ಸಿಕ್ಕಿದರೆ ಎಸೆಯಬೇಡಿ. ಅಚ್ಚಿನ ತಪ್ಪುಗಳನ್ನ ತಿದ್ದದೆ, ಹಾಗೆಯೇ ಈ ಪತ್ರಿಕೆಗೆ ಕಳಿಸಿ. ಸೋತವರದ್ದಾದರೆ ಎಷ್ಟು ಓಟು ಬಿತ್ತು, ಅವರ ಕೇರಿಯದು ಎಷ್ಟು ಓಟು ಅನ್ನೋದನ್ನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ.